ನೇಗಿಲು ಹಿಡಿಯೋಕೆ ಕುಲುಮೆ ಕಲೀಬೇಕಾ?

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿಯೋ ಹೊತ್ತಿಗೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹಳ್ಳಿ ಮೂಲದವರ ಫೋನಿಗೆ ಊರಿನಿಂದ ಒಂದೇ ಪ್ರಶ್ನೆ ಬರುತ್ತೆ. "ಅಣ್ಣಾ, ಕಂಪ್ಯೂಟರ್ ಸೈನ್ಸ್ ಸಿಕ್ತು. ಮೊದ್ಲು ಯಾವ್ ಲ್ಯಾಂಗ್ವೇಜ್ ಕಲೀಲಿ?" ನನಗೆ ಹಳೇಕೋಟೆಯಿಂದ ಬರುತ್ತೆ. ನಿಮಗೆ ಅರಕಲಗೂಡಿನಿಂದಲೋ ಕಡೂರಿನಿಂದಲೋ ಸಿಂಧನೂರಿನಿಂದಲೋ ಬರಬಹುದು. ನಮ್ಮ ಕಸುಬಿನವರಲ್ಲಿ ಹೆಚ್ಚಿನವರು ಕೊಡೋ ಉತ್ತರವೂ ಒಂದೇ. "ಮೊದ್ಲು ಸಿ ಕಲಿ. ಫೌಂಡೇಶನ್ ಗಟ್ಟಿ ಆಗ್ಲಿ. ಆಮೇಲೆ ಏನ್ ಬೇಕಾದ್ರೂ ಕಲೀಬಹುದು."

ಈ ಉತ್ತರವನ್ನ ನಾನು ಒಪ್ಪಲ್ಲ. ಇದು ಯೋಚಿಸಿ ಕೊಟ್ಟ ಉತ್ತರವಲ್ಲ, ನಮಗೆ ಹಾಗೆ ಕಲಿಸಿದ್ದರು ಅಂತ ಕೊಡೋ ಉತ್ತರ. ಅತ್ತೆಯ ಕೈಲಿ ಪಟ್ಟ ಪಾಡನ್ನ ಸೊಸೆಗೆ ದಾಟಿಸೋ ಹಾಗೆ. ಇದರ ಬೆಲೆ ಕಟ್ಟೋದು ಕೊಟ್ಟವರಲ್ಲ, ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರಿನಲ್ಲೇ "ಇದು ನನ್ನ ಕೈಲಾಗೋ ಕೆಲ್ಸ ಅಲ್ಲ" ಅಂತ ತೀರ್ಮಾನಿಸಿ ತಲೆ ತಗ್ಗಿಸೋ ಹುಡುಗ ಹುಡುಗಿಯರು.

ನನ್ನ ನಿಲುವು ನೇರವಾಗಿ ಹೇಳಿಬಿಡ್ತೀನಿ. ಮೊದಲ ಭಾಷೆ ಪೈಥಾನ್ ಆಗಲಿ. ಸಿ ಎರಡನೆಯದಾಗಲಿ. ಎರಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳೋಣ.

ಮೊದಲು ಈ 'ಫೌಂಡೇಶನ್' ಅನ್ನೋ ಮಾತನ್ನೇ ನೋಡೋಣ. ಮನೆ ಕಟ್ಟೋಕೆ ಪಾಯ ಬೇಕು, ನಿಜ. ಆದರೆ ಕಲಿಯೋದು ಮನೆ ಕಟ್ಟಿದ ಹಾಗಲ್ಲ, ಬೇಸಾಯ ಮಾಡಿದ ಹಾಗೆ. ನಮ್ಮೂರಿನಲ್ಲಿ ಹುಡುಗನಿಗೆ ಉಳುಮೆ ಕಲಿಸುವಾಗ ಯಾರೂ ಅವನನ್ನ ಮೊದಲು ಕುಲುಮೆಗೆ ಕಳಿಸಿ "ಕಬ್ಬಿಣ ಕಾಯಿಸಿ ಗುಳ ಬಡಿಯೋದು ಕಲಿತ್ಕೊಂಡು ಬಾ, ಆಮೇಲೆ ಹೊಲಕ್ಕೆ ಇಳಿಯುವೆಯಂತೆ" ಅನ್ನಲಿಲ್ಲ. ಎತ್ತಿನ ಹಿಂದೆ ನಡೆಸಿದರು. ಸಾಲು ಸೊಟ್ಟ ಬಂತು, ಬೈದರು, ಮತ್ತೆ ನಡೆಸಿದರು. ಗುಳ ಯಾಕೆ ಸವೀತು, ಯಾವ ಮಣ್ಣಿಗೆ ಎಂಥದ್ದು ಬೇಕು ಅನ್ನೋ ಪ್ರಶ್ನೆ ನಾಲ್ಕು ಸಾಲು ಉತ್ತ ಮೇಲೆ ಅವನಿಗೇ ಬಂತು. ಆಗ ಕುಲುಮೆಗೆ ಹೋದರೆ ಅಲ್ಲಿ ಕಂಡದ್ದೆಲ್ಲ ತಲೆಗೆ ಹತ್ತುತ್ತೆ. ಸಿ ನಮ್ಮ ಕಸುಬಿನ ಕುಲುಮೆ. ಬೇಕೇ ಬೇಕು. ಆದರೆ ಮೊದಲ ದಿನಕ್ಕಲ್ಲ.

ಸಿ ಹುಟ್ಟಿದ್ದಾದರೂ ಯಾಕೆ? 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನ ರೂಪಿಸಿದ್ದು ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಬರೆಯೋಕೆ. ಅದು ಪಂಡಿತರು ಪಂಡಿತರಿಗೆ ಮಾಡಿಕೊಂಡ ಹತಾರ. ಕಲಿಸೋಕೆ ಅಂತಲೇ ಮಾಡಿದ ಭಾಷೆಗಳು ಬೇರೆ ಇದ್ದವು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಬೇಸಿಕ್ ಮಾಡಿದ್ದೇ ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಅಂತ. 1970ರಲ್ಲಿ ನಿಕ್ಲಾಸ್ ವಿರ್ತ್ ಪ್ಯಾಸ್ಕಲ್ ತಂದಿದ್ದು ಶಿಸ್ತಾಗಿ ಪ್ರೋಗ್ರಾಮ್ ಬರೆಯೋದನ್ನ ಕಲಿಸೋಕೆ. ಪೈಥಾನ್ ಕೂಡ ಈ ವಂಶದ್ದೇ. ಅದನ್ನ ಮಾಡಿದ ಗೈಡೋ ವಾನ್ ರಾಸಮ್ ಅದಕ್ಕೂ ಮೊದಲು ಆಮ್‌ಸ್ಟರ್‌ಡ್ಯಾಮಿನಲ್ಲಿ ಎಬಿಸಿ ಅನ್ನೋ ಭಾಷೆಯ ಮೇಲೆ ಕೆಲಸ ಮಾಡಿದ್ದವರು. ಎಬಿಸಿ ಹೊಸಬರಿಗಾಗಿಯೇ ಹುಟ್ಟಿದ್ದು. ಅಲ್ಲಿ ಕಲಿತ ಪಾಠವೇ 1991ರಲ್ಲಿ ಹೊರಬಂದ ಪೈಥಾನಿಗೆ ಬೀಜ.

ಅಂದರೆ ಕಲಿಸೋಕೆ ಅಂತ ಮಾಡಿದ್ದನ್ನ ಪಕ್ಕಕ್ಕಿಟ್ಟು, ಆಪರೇಟಿಂಗ್ ಸಿಸ್ಟಂ ಬರೆಯೋಕೆ ಅಂತ ಮಾಡಿದ್ದನ್ನ ಹದಿನೆಂಟರ ಹುಡುಗರ ಕೈಗೆ ಕೊಟ್ಟು, ಅದಕ್ಕೆ 'ಫೌಂಡೇಶನ್' ಅಂತ ಹೆಸರಿಟ್ಟಿದ್ದೀವಿ.

ಇನ್ನು ಆ ಫೌಂಡೇಶನ್ ಎಂಥದ್ದಿತ್ತು? ನಾನು ಬಿಇ ಓದುವಾಗ ಲ್ಯಾಬಿನಲ್ಲಿ ಇದ್ದದ್ದು ಟರ್ಬೋ ಸಿ. ಆ ನೀಲಿ ಪರದೆ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತೆ. 1990ರ ದಶಕದ ಆರಂಭದ, ಡಾಸ್ ಕಾಲದ ಸಾಫ್ಟ್‌ವೇರ್ ಅದು. ಅದರಲ್ಲಿ ನಾವು ಬಾಯಿಪಾಠ ಮಾಡಿದ 'ಕೋನಿಯೋ', 'ಕ್ಲಿಯರ್ ಸ್ಕ್ರೀನ್', 'ಗೆಟ್ ಸಿ ಎಚ್' ಯಾವುದೂ ಸಿ ಭಾಷೆಯ ಸ್ಟ್ಯಾಂಡರ್ಡಿನಲ್ಲಿ ಇಲ್ಲ. 'ವಾಯ್ಡ್ ಮೇನ್' ಅಂತ ಬರೆಯೋದನ್ನೂ 1989ರ ಸ್ಟ್ಯಾಂಡರ್ಡ್ ಒಪ್ಪಿರಲಿಲ್ಲ. ಅಂದರೆ 'ಫೌಂಡೇಶನ್' ಅಂತ ಕಲಿತದ್ದರಲ್ಲಿ ಅರ್ಧಕ್ಕರ್ಧ ಸಿ ಅಲ್ಲವೇ ಅಲ್ಲ, ಒಂದು ಹಳೇ ಕಂಪನಿಯ ಹಳೇ ಸಾಫ್ಟ್‌ವೇರಿನ ಅಭ್ಯಾಸಗಳು.

ಟರ್ಬೋ ಸಿಯಲ್ಲಿ ಪೂರ್ಣಾಂಕಕ್ಕೆ ಸಿಗೋದು ಹದಿನಾರು ಬಿಟ್. 32,767ರ ಮೇಲೆ ಒಂದು ಕೂಡಿದರೆ ಉತ್ತರ ಮೈನಸ್ 32,768. ನಾಲ್ಕು ಹಸು ಕಟ್ಟಿದ ಮನೆಯವರ ತಿಂಗಳ ಹಾಲಿನ ದುಡ್ಡು 33,000 ರೂಪಾಯಿ ಅಂತ ಇಟ್ಕೊಳ್ಳಿ. ಅದನ್ನ 'ಇಂಟ್'ನಲ್ಲಿ ಕೂಡಿಸಿದರೆ ಪರದೆ ಮೇಲೆ ಬರೋದು ಮೈನಸ್ 32,536. ತಿಂಗಳೆಲ್ಲ ಹಾಲು ಹಾಕಿದ ಅಜ್ಜಿಯೇ ಡೈರಿಗೆ ಮೂವತ್ತೆರಡು ಸಾವಿರ ಬಾಕಿ! ಯಾಕೆ ಹೀಗಾಗುತ್ತೆ ಅನ್ನೋದು ಎರಡನೇ ವರ್ಷದವರಿಗೆ ಸೊಗಸಾದ ಪಾಠ. ಮೊದಲ ವಾರದವಳಿಗೆ? ಅವಳು ತಪ್ಪು ತನ್ನದೇ ಅಂದುಕೊಳ್ತಾಳೆ.

ಈಗ ಎಷ್ಟೋ ಕಾಲೇಜಿನಲ್ಲಿ ಉಬುಂಟು ಬಂದಿದೆ, ಜಿಸಿಸಿ ಬಂದಿದೆ, ಸಂತೋಷ. ಆದರೂ 'ಸ್ಕ್ಯಾನ್ ಎಫ್' ಒಳಗೆ ಒಂದು ಆಂಪರ್‌ಸ್ಯಾಂಡ್ ಮರೆತರೆ 'ಸೆಗ್ಮೆಂಟೇಶನ್ ಫಾಲ್ಟ್' ಅಂತ ಎರಡೇ ಪದ ಹೇಳಿ ಪ್ರೋಗ್ರಾಮ್ ಸತ್ತುಹೋಗಬಹುದು. ಯಾವ ಸಾಲು, ಯಾಕೆ, ಏನೂ ಹೇಳಲ್ಲ. ಆ ಆಂಪರ್‌ಸ್ಯಾಂಡ್ ಯಾಕೆ ಅಲ್ಲಿದೆ ಅಂತ ಕೇಳಿದರೆ ಮೇಷ್ಟ್ರ ಉತ್ತರ: "ಅದು ಪಾಯಿಂಟರ್, ಮುಂದೆ ಬರುತ್ತೆ, ಈಗ ಹಾಗೇ ಬರ್ಕೊ." ಮೊದಲ ದಿನವೇ "ಹಾಗೇ ಬರ್ಕೊ" ಅಂತ ಕಲಿಸಿದ್ದು ಫೌಂಡೇಶನ್ನೋ ಬಾಯಿಪಾಠವೋ? ಪೈಥಾನಿನಲ್ಲೂ ತಪ್ಪು ಬರುತ್ತೆ, ಬೇಕಾದಷ್ಟು. ಆದರೆ ಅದು ಇಂಥ ಸಾಲಿನಲ್ಲಿ ಇಂಥ ಹೆಸರು ಸಿಗಲಿಲ್ಲ ಅಂತ ಹೇಳುತ್ತೆ. ಹೊಸಬಳಿಗೆ ಬೇಕಾದ್ದು ಅದು, ಬೆರಳಿಟ್ಟು ತೋರಿಸೋ ಒಬ್ಬ ಜೊತೆಗಾರ.

"ಸುಲಭದ ಭಾಷೆ ಮೊದಲು ಕಲಿತರೆ ತಲೆ ಕೆಡುತ್ತೆ, ಆಮೇಲೆ ಕಷ್ಟದ್ದು ಹತ್ತಲ್ಲ" ಅನ್ನೋದು ಇನ್ನೊಂದು ವಾದ. ಇದೂ ಹಳೇದು. 1975ರಲ್ಲಿ ಡೈಕ್‌ಸ್ಟ್ರಾ ಅಂಥ ಮಹಾ ಪಂಡಿತರೇ ಬೇಸಿಕ್ ಕಲಿತ ವಿದ್ಯಾರ್ಥಿಗಳನ್ನ ರಿಪೇರಿ ಮಾಡೋಕೆ ಆಗಲ್ಲ ಅನ್ನೋ ಅರ್ಥದಲ್ಲಿ ಬರೆದರು. ಅದೇ ವರ್ಷ, ಶಾಲೆಯಲ್ಲಿ ಬೇಸಿಕ್ ಕಲಿತಿದ್ದ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಮೈಕ್ರೋಸಾಫ್ಟ್ ಶುರು ಮಾಡಿದರು. ಇನ್ನೂ ಮಜಾ ಏನಂದ್ರೆ, ಸಿ ಭಾಷೆಯ ಅಭಿಮಾನಿಗಳು ಎದೆ ತಟ್ಟಿ ತೋರಿಸೋ ಲಿನಕ್ಸ್ ಇದೆಯಲ್ಲ, ಅದನ್ನ ಬರೆದ ಲೀನಸ್ ಟೋರ್ವಾಲ್ಡ್ಸ್ ಪ್ರೋಗ್ರಾಮಿಂಗ್ ಶುರು ಮಾಡಿದ್ದು ತಾತನ ವಿಐಸಿ-20 ಕಂಪ್ಯೂಟರಿನ ಬೇಸಿಕ್‌ನಲ್ಲಿ. ಅವರ ತಲೆ ಕೆಡಲಿಲ್ಲ. ಹಳೇಕೋಟೆ ಹುಡುಗಿಯದ್ದು ಮಾತ್ರ ಕೆಟ್ಟುಹೋಗುತ್ತಾ?

ಜಾವಾದ ಕಥೆಯೂ ಕೇಳಿ. ಪರದೆ ಮೇಲೆ 'ನಮಸ್ಕಾರ' ಅಂತ ಬರಬೇಕಾದರೆ ಮೊದಲು 'ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್' ಅನ್ನೋ ಮಂತ್ರ ಹೇಳಬೇಕಿತ್ತು. 1995ರಲ್ಲಿ ಬಂದ ಭಾಷೆ. ಮೂವತ್ತು ವರ್ಷ ಆದ ಮೇಲೆ, 2025ರಲ್ಲಿ ಬಂದ ಜಾವಾ 25ರಲ್ಲಿ ಆ ಮಂತ್ರ ಇಲ್ಲದೆಯೂ ಚಿಕ್ಕ ಪ್ರೋಗ್ರಾಮ್ ಬರೆಯಬಹುದು ಅಂತ ಮಾಡಿದ್ದಾರೆ. ಕಾರಣ? ಹೊಸದಾಗಿ ಕಲಿಯೋರಿಗೆ ಸುಲಭ ಆಗಲಿ ಅಂತ. ಭಾಷೆ ಕಟ್ಟಿದವರಿಗೇ ಅರ್ಥ ಆಗಿದೆ. ಅರ್ಥ ಆಗದೇ ಇರೋದು ನಮ್ಮ ಸೀನಿಯರ್‌ಗಳಿಗೆ.

"ಜಾವಾ ಕಲಿತರೆ ಕೆಲಸ ಗ್ಯಾರಂಟಿ" ಅನ್ನೋರ ವ್ಯಾಪಾರ ಇನ್ನೊಂದು. ಬಿಟಿಎಂನಲ್ಲಿ, ಮಾರತ್‌ಹಳ್ಳಿಯಲ್ಲಿ ಕಂಬಕ್ಕೊಂದು ಬೋರ್ಡು. ಫುಲ್ ಸ್ಟ್ಯಾಕ್, ನೂರಕ್ಕೆ ನೂರು ಪ್ಲೇಸ್‌ಮೆಂಟ್. ಊರಲ್ಲಿ ಆಲೂಗೆಡ್ಡೆ ರೇಟು ಬಿದ್ದ ವರ್ಷವೂ ಅಪ್ಪ ಸಾಲ ಮಾಡಿ ಆ ಫೀಸು ಕಟ್ಟಿರ್ತಾರೆ. ಒಂದು ಮಾತು ನೆನಪಿಡಿ. ದೊಡ್ಡ ಸರ್ವೀಸ್ ಕಂಪನಿಗಳು ಫ್ರೆಶರ್‌ಗಳನ್ನ ತಗೊಂಡ ಮೇಲೆ ತಿಂಗಳುಗಟ್ಟಲೆ ತಾವೇ ಕಲಿಸ್ತವೆ. ಇನ್ಫೋಸಿಸ್ ಮೈಸೂರಿನಲ್ಲಿ ಅಷ್ಟು ದೊಡ್ಡ ಕ್ಯಾಂಪಸ್ ಕಟ್ಟಿರೋದೇ ಅದಕ್ಕೆ. ಅವರಿಗೆ ಬೇಕಾದ್ದು ಒಂದು ಭಾಷೆಯಲ್ಲಾದರೂ ಯೋಚನೆ ಮಾಡಬಲ್ಲ ತಲೆ. ಮೊದಲ ಭಾಷೆ ಕೆಲಸ ಕೊಡಿಸಲ್ಲ. ಕೆಲಸ ಬಿಟ್ಟು ಓಡದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ.

ಹಾಗಾದರೆ ಮೊದಲ ಭಾಷೆಯನ್ನ ಯಾವ ಅಳತೆಯಿಂದ ಆರಿಸಬೇಕು? ನನ್ನದು ಒಂದೇ ಅಳತೆ. ಕಲಿಯೋಕೆ ಕೂತ ದಿನವೇ ಅವಳು ತನ್ನ ಮನೆಯ ಒಂದು ಲೆಕ್ಕ ಮಾಡಿ ಮನೆಯವರಿಗೆ ತೋರಿಸೋ ಹಾಗಿರಬೇಕು.

ನಮ್ಮ ಲ್ಯಾಬಿನ ಲೆಕ್ಕಗಳು ನಿಮಗೆ ಗೊತ್ತು. ಫಿಬೊನಾಚಿ, ಪ್ಯಾಲಿಂಡ್ರೋಮ್, ಆರ್ಮ್‌ಸ್ಟ್ರಾಂಗ್ ನಂಬರ್. ಜೀವನದಲ್ಲಿ ಆರ್ಮ್‌ಸ್ಟ್ರಾಂಗ್ ನಂಬರ್ ಬೇಕಾಗಿ ಬಂದವರು ಯಾರಾದ್ರೂ ಇದ್ದರೆ ಕೈ ಎತ್ತಿ. ಅದೇ ಹಳೇಕೋಟೆ ಸುತ್ತಮುತ್ತ ಹಸು ಕಟ್ಟಿದ ಮನೆಗಳನ್ನ ನೋಡಿ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹೋಗುತ್ತೆ. ಚೀಟಿ ಬರುತ್ತೆ. ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಫ್ಯಾಟ್ ಇಳಿದರೆ ದರ ಇಳಿಯುತ್ತೆ. ಸರ್ಕಾರದ ಪ್ರೋತ್ಸಾಹಧನ ಬೇರೆ ಲೆಕ್ಕ. ಆ ಚೀಟಿಗಳನ್ನ ಅಮ್ಮ ಗೋಡೆಯ ಮೊಳೆಗೆ ಚುಚ್ಚಿಡ್ತಾಳೆ. ಬಟವಾಡೆ ದಿನ ಕೂಡಿಸಿ ನೋಡಬೇಕು ಅಂತ. ಕೂಡಿಸೋರು ಮಾತ್ರ ಯಾರೂ ಇಲ್ಲ.

ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳೆಲ್ಲ ಆ ಮೊಳೆಯಲ್ಲೇ ನೇತಾಡ್ತಿವೆ. ಲೀಟರ್ ಮತ್ತು ದರ ಎರಡು ಡಬ್ಬಿ, ಅದೇ ವೇರಿಯಬಲ್. ಫ್ಯಾಟ್ ಇಷ್ಟಕ್ಕಿಂತ ಕಮ್ಮಿ ಇದ್ದರೆ ದರ ಇಷ್ಟು, ಇಲ್ಲದಿದ್ದರೆ ಅಷ್ಟು, ಅದೇ 'ಇಫ್' ಮತ್ತು 'ಎಲ್ಸ್'. ವಾರದ ಹದಿನಾಲ್ಕು ಚೀಟಿ ಒಂದರ ಹಿಂದೊಂದು ತೆಗೆದು ಕೂಡೋದು 'ಲೂಪ್'. ಹದಿನಾಲ್ಕೂ ಪೋಣಿಸಿದ ಆ ಮೊಳೆಯೇ 'ಲಿಸ್ಟ್'. ಪೈಥಾನಿನಲ್ಲಿ ಇದು ಏಳೆಂಟು ಸಾಲು. ಲ್ಯಾಪ್‌ಟಾಪ್ ಬೇಡ, ಫೋನಿನಲ್ಲೇ ಓಡುತ್ತೆ. ಸಿಯಲ್ಲೂ ಬರೆಯಬಹುದು, ಅದೂ ಫೋನಿನಲ್ಲಿ ಓಡುತ್ತೆ. ಆದರೆ ಎಷ್ಟು ಚೀಟಿ ಅಂತ ಮೊದಲೇ ಹೇಳಬೇಕು, ಡಬ್ಬಿಗೆ ಜಾತಿ ಹೇಳಬೇಕು, ಓದೋಕೆ ಒಂದು ಸಂಕೇತ, ಬರೆಯೋಕೆ ಒಂದು ಸಂಕೇತ, ಮಧ್ಯೆ ಆ ಆಂಪರ್‌ಸ್ಯಾಂಡ್. ಹಾಲಿನ ಲೆಕ್ಕ ಮರೆತೇಹೋಗುತ್ತೆ.

ಇನ್ನೊಂದು ವಿಷಯ. ಪೈಥಾನಿನ ಮೂರನೇ ಆವೃತ್ತಿ ಬಂದದ್ದು 2008ರಲ್ಲಿ. ಅಲ್ಲಿಂದಾಚೆಗೆ ಡಬ್ಬಿಗಳ ಹೆಸರನ್ನ ಕನ್ನಡದಲ್ಲೇ ಇಡಬಹುದು. 'ಹಾಲು', 'ದರ', 'ಮೊತ್ತ' ಅಂತ ಕನ್ನಡ ಲಿಪಿಯಲ್ಲೇ ಬರೆದರೆ ಒಪ್ಪಿಕೊಳ್ಳುತ್ತೆ. '೧೨' ಅಂತ ಕನ್ನಡ ಅಂಕಿ ಕೊಟ್ಟು ಪೂರ್ಣಾಂಕ ಮಾಡು ಅಂದರೆ ಹನ್ನೆರಡು ಅಂತ ಓದುತ್ತೆ. ಕಂಪನಿಯಲ್ಲಿ ಹೀಗೆ ಬರೆಯಿರಿ ಅಂತ ಹೇಳ್ತಿಲ್ಲ. ಮೊದಲ ವಾರ ಹೀಗೆ ಬರೆದವಳಿಗೆ ಒಂದು ವಿಷಯ ಗಟ್ಟಿಯಾಗಿ ಗೊತ್ತಾಗುತ್ತೆ. ಈ ಯಂತ್ರ ಇಂಗ್ಲಿಷ್ ಯಂತ್ರ ಅಲ್ಲ.

ಆಮೇಲೆ ಅವಳಿಗೆ ಕೇಳಿ, 'ಕನ್ನಡ' ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಮೂರು ಅಂತಾಳೆ. ಪೈಥಾನ್ ಐದು ಅನ್ನುತ್ತೆ. ಕ, ನ, ಒಂದು ಹಲಂತ ಚಿಹ್ನೆ, ಮತ್ತೊಂದು ನ, ಡ. ಸಿ ಭಾಷೆಯ 'ಸ್ಟ್ರಿಂಗ್ ಲೆಂತ್' ಕೇಳಿದರೆ ಯುಟಿಎಫ್-8ನಲ್ಲಿ ಹದಿನೈದು ಅನ್ನುತ್ತೆ, ಯಾಕಂದ್ರೆ ಅದು ಎಣಿಸೋದು ಅಕ್ಷರವನ್ನಲ್ಲ, ಬೈಟನ್ನ. ಯೂನಿಕೋಡಿನ ಒಂದೊಂದು ಕನ್ನಡ ಚಿಹ್ನೆಗೆ ಅಲ್ಲಿ ಮೂರು ಬೈಟ್. 'ಹಾಸನ' ಪದವನ್ನ ಪೈಥಾನಿನಲ್ಲಿ ತಿರುಗಿಸಿದರೆ 'ನಸಹಾ' ಬರಲ್ಲ, 'ನಸಾಹ' ಬರುತ್ತೆ. ದೀರ್ಘ ಎಗರಿ ಪಕ್ಕದ ಮನೆಗೆ ಹೋಗಿರುತ್ತೆ. ನೋಡಿ, ಈಗ ಬಂತು ಕುಲುಮೆಗೆ ಹೋಗೋ ಸಮಯ. ಹದಿನೈದು ಯಾಕೆ, ಮೆಮೊರಿ ಅಂದ್ರೆ ಏನು, ಬೈಟ್ ಅಂದ್ರೆ ಏನು ಅಂತ ಅವಳೇ ಕೇಳ್ತಾಳೆ. ಆ ದಿನ ಸಿ ಕಲಿಸಿ. ಪಾಯಿಂಟರ್ ಅನ್ನೋದು ಮನೆಯಲ್ಲ, ಮನೆಯ ಡೋರ್ ನಂಬರ್ ಅಂತ ಹೇಳಿ. ಒಂದೇ ಸಲಕ್ಕೆ ಹತ್ತುತ್ತೆ.

ಸಿ ಪರವಾಗಿ ಇರೋ ನಿಜವಾದ ವಾದವನ್ನ ನಾನು ಮುಚ್ಚಿಡಲ್ಲ. ನಾವು ದಿನಾ ಬಳಸೋ ಪೈಥಾನ್ ಬರೆದಿರೋದೇ ಸಿಯಲ್ಲಿ. ಲಿನಕ್ಸ್ ಸಿ. ಕಾರಿನ ಬ್ರೇಕಿನೊಳಗೆ, ವಾಷಿಂಗ್ ಮಷಿನ್ನಿನೊಳಗೆ ಓಡೋದು ಬಹುಪಾಲು ಸಿ. ಯಂತ್ರದ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿಲ್ಲದ ಇಂಜಿನಿಯರ್ ಅರ್ಧ ಇಂಜಿನಿಯರ್. ಪೈಥಾನ್ ನಿಧಾನ ಅನ್ನೋದೂ ನಿಜ, ಬಹಳಷ್ಟನ್ನ ಮರೆಮಾಡುತ್ತೆ ಅನ್ನೋದೂ ನಿಜ. ಇವೆಲ್ಲ ಸಿ ಕಲಿಯಲೇಬೇಕು ಅನ್ನೋಕೆ ಕಾರಣಗಳು. ಮೊದಲು ಕಲಿಯಬೇಕು ಅನ್ನೋಕೆ ಇದರಲ್ಲಿ ಒಂದೂ ಕಾರಣ ಇಲ್ಲ.

"ಈಗ ಎಐ ಬಂತಲ್ಲ, ಕೋಡ್ ಅದೇ ಬರೆಯುತ್ತೆ, ಯಾವ ಭಾಷೆಯಾದರೇನು?" ಅನ್ನೋರು 2022ರ ಕೊನೆಗೆ ಚಾಟ್‌ಜಿಪಿಟಿ ಬಂದಾಗಿನಿಂದ ಜಾಸ್ತಿ ಆಗಿದ್ದಾರೆ. ಇವರಿಗೆ ನನ್ನ ಪ್ರಶ್ನೆ ಒಂದೇ. ಅದು ಬರೆದುಕೊಟ್ಟ ಹಾಲಿನ ಲೆಕ್ಕ ಸರಿಯೋ ತಪ್ಪೋ ಅಂತ ಹೇಳೋರು ಯಾರು? ಓದಿ ಅರ್ಥ ಮಾಡಿಕೊಳ್ಳೋಕೆ ಸುಲಭವಾದ ಭಾಷೆ ಮೊದಲು ಬರಬೇಕು ಅನ್ನೋಕೆ ಎಐ ಇನ್ನೊಂದು ಕಾರಣ ಕೊಟ್ಟಿದೆ, ಅಷ್ಟೇ.

ವ್ಯವಸ್ಥೆ ನಿಂತಲ್ಲೇ ನಿಂತಿಲ್ಲ. ಪಿಯು ಕಂಪ್ಯೂಟರ್ ಸೈನ್ಸಿನಲ್ಲಿ ಬಹಳ ವರ್ಷ ಇದ್ದ ಸಿ++ ಹೋಗಿ ಪೈಥಾನ್ ಬಂದಿದೆ. ವಿಟಿಯು 2022ರ ಸ್ಕೀಮಿನ ಮೊದಲ ವರ್ಷದಲ್ಲಿ ಪೈಥಾನನ್ನ ಆಯ್ಕೆಯ ವಿಷಯವಾಗಿ ಇಟ್ಟಿತ್ತು. ಆದರೆ ಆ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಅದೇ ವರ್ಷ ಸಿ ಕಡ್ಡಾಯ ಆಗಿತ್ತು. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡು ಬಂದ ಹಳ್ಳಿ ಹುಡುಗಿಗೆ ಎರಡೂ ಒಟ್ಟಿಗೇ ಎದುರಾಗಬಹುದು. ಆ ಮೊದಲ ತಿಂಗಳುಗಳಲ್ಲಿ ಯಾವುದರ ಕೈ ಹಿಡಿದು ನಡೆಯಬೇಕು ಅಂತ ಅವಳು ನಿಮ್ಮನ್ನ ಕೇಳೋದು.

ಕನ್ನಡದ ವಿಷಯಕ್ಕೆ ಬಂದರೆ, ಬಿಇಯನ್ನೇ ಕನ್ನಡದಲ್ಲಿ ಮಾಡಿ ಅಂತ ನಾನು ಹೇಳ್ತಿಲ್ಲ. 2021ರಲ್ಲಿ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಒಪ್ಪಿಗೆ ಕೊಟ್ಟಾಗ ನಮ್ಮಲ್ಲೂ ಕೆಲವು ಕಾಲೇಜು ಮುಂದೆ ಬಂದವು. ಹುಡುಗರು ಬರಲಿಲ್ಲ. ಅವರು ದಡ್ಡರಲ್ಲ. ಕನ್ನಡದ ಡಿಗ್ರಿ ಹಿಡಿದು ಹೋದರೆ ಇಂಟರ್‌ವ್ಯೂನಲ್ಲಿ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ವಿವರಣೆ ಕನ್ನಡದಲ್ಲಿ ಇರಲಿ. ಎರಡು ಹೊಸ ಭಾಷೆಯನ್ನ ಒಟ್ಟಿಗೆ ಕಲಿಯೋ ಹೊರೆ ಹೊರಿಸಿ, ಒಂದರಲ್ಲಿ ಎಡವಿದ್ದನ್ನ ಇನ್ನೊಂದರ ದಡ್ಡತನ ಅಂತ ಲೆಕ್ಕ ಹಾಕೋದು ನಿಲ್ಲಲಿ. ಕೆಲಸ ಮಾಡಿದವರು ಇಲ್ಲದೇ ಇಲ್ಲ. ಪವನಜ ಅವರು ಲೋಗೋ ಭಾಷೆಯ ಕನ್ನಡ ಆವೃತ್ತಿಯನ್ನೇ ಮಾಡಿದ್ದರು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳಿವೆ. ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಕೋಡಿಂಗ್ ಹೇಳಿಕೊಡೋ ಹುಡುಗರಿದ್ದಾರೆ. ಕಮ್ಮಿ ಇರೋದು ಪಕ್ಕದಲ್ಲಿ ಕೂತು "ಇಲ್ಲಿ ಎರಡು ಚುಕ್ಕಿ ಮರೆತಿದೀಯ ಕಣವ್ವ" ಅನ್ನೋ ಜನ.

ಅದು ನೀವು. ತಿಂಗಳಿಗೊಮ್ಮೆ ಊರಿಗೆ ಹೋಗ್ತೀರಿ. ಶನಿವಾರ ರಾತ್ರಿ ಬಸ್ಸು, ಭಾನುವಾರ ಬಾಡೂಟ, ಸಂಜೆ ವಾಪಸ್. ಅದರಲ್ಲಿ ಒಂದು ಗಂಟೆ ತೆಗೆಯಿರಿ. ಬೀದಿಯ ಇಬ್ಬರು ಮೂವರು ಮಕ್ಕಳನ್ನ ಜಗಲಿ ಮೇಲೆ ಕೂರಿಸಿ. ಅವರ ಫೋನಿನಲ್ಲೇ ಪೈಥಾನ್ ಹಾಕಿಕೊಡಿ. ಡೈರಿ ಚೀಟಿ ತರಿಸಿ. ನೀವು ಟೈಪ್ ಮಾಡಬೇಡಿ, ಅವರೇ ಮಾಡಲಿ. ತಪ್ಪು ಬಂದರೆ ಕೆಂಪು ಸಾಲನ್ನ ಜೋರಾಗಿ ಓದಿಸಿ, ಕನ್ನಡದಲ್ಲಿ ಏನು ಅಂತ ಕೇಳಿ. ಮುಂದಿನ ಸಲ ಬರುವಷ್ಟರಲ್ಲಿ ಒಂದು ತಿಂಗಳ ಹಾಲಿನ ಲೆಕ್ಕ ಮಾಡಿಡಿ ಅಂತ ಹೇಳಿ ಬನ್ನಿ. ಒಂದು ವರ್ಷ ಭಾಷೆ ಬದಲಿಸಬೇಡಿ ಅಂತಲೂ ಹೇಳಿ. "ಈ ವರ್ಷ ಕಲಿಯಬೇಕಾದ ಹತ್ತು ಲ್ಯಾಂಗ್ವೇಜ್" ಅನ್ನೋ ರೀಲ್ಸ್ ಬಂದರೆ ಮೇಲಕ್ಕೆ ತಳ್ಳಲಿ.

ಮೂರನೇ ಸೆಮಿಸ್ಟರಿಗೆ ಸಿ ಪುಸ್ತಕ ನೀವೇ ತಂದುಕೊಡಿ. ಅಷ್ಟೊತ್ತಿಗೆ ಅವಳು ಇನ್ನೂ ಕ್ಲಾಸಿನಲ್ಲಿ ಇರ್ತಾಳೆ, ಕೇಳೋಕೆ ಪ್ರಶ್ನೆಗಳೂ ಇರ್ತವೆ.